‘ಡೂ’ ಮತ್ತು ‘ಮೇಕ್’: ಸ್ಪ್ಯಾನಿಷ್ ಭಾಷಿಕರ ತೊಡಕು

ಇಂಗ್ಲಿಷನ್ನು ಕಲಿಯುವ ಸ್ಪ್ಯಾನಿಷ್ ಭಾಷಿಕರು ‘ಡೂ’, ‘ಮೇಕ್’ ಎಂಬ ನಿತ್ಯಬಳಕೆಯ ಕ್ರಿಯಾಪದಗಳಲ್ಲಿ ಎಡವುವುದುಂಟು. ಅವರ ನುಡಿಯಲ್ಲಿ ಇವೆರಡರ ಅರ್ಥಕ್ಕೂ ಸಾಮಾನ್ಯವಾಗಿ ‘ಅಸೇರ್’ ಎಂಬ ಒಂದೇ ಕ್ರಿಯಾಪದ ಸಲ್ಲುತ್ತದೆ. (ಇದರ ಮೂಲ ಲ್ಯಾಟಿನ್ನಿನ ‘ಫಕೆರೆ’. ನಮ್ಮ ‘ಪಾಲು’ ‘ಹಾಲು’ ಆದಂತೆ ಅಲ್ಲಿಯ ಫಕಾರವು ಹಕಾರವಾಯಿತು. ಬಳಿಕ ಉಚ್ಚಾರಣೆಯಲ್ಲಿ ಅದೂ ಲೋಪಗೊಂಡು ಬರಹದಲ್ಲಷ್ಟೇ ಉಳಿಯಿತು.) ಆದುದರಿಂದ ಮನೆಪಾಠವನ್ನು ‘ಮೇಕ್’ ಎಂದೂ ತಪ್ಪನ್ನು ‘ಡೂ’ ಎಂದೂ ಅದಲುಬದಲಾಗಿ ನುಡಿಯುವರು. ಕಾರ್ಯಕ್ಕೆ ‘ಡೂ’, ನಿರ್ಮಾಣಕ್ಕೆ ‘ಮೇಕ್’ ಎಂಬ ಸೂತ್ರವು ಕೊಂಚ ದೂರ ಮಾತ್ರ ನಡೆಯುತ್ತದೆ; ತಪ್ಪನ್ನು ನಿರ್ಮಿಸುವವರುಂಟೆ? ನಾಮಪದದೊಡನೆಯೇ ಕ್ರಿಯಾಪದವನ್ನೂ ಕಂಠಸ್ಥ ಮಾಡಿಸುವುದು ಲೇಸು. ಅಡುಗೆ, ಪಾಠ, ತಪ್ಪು ಎಲ್ಲಕ್ಕೂ ‘ಮಾಡು’ ಎನ್ನುವ ನಮ್ಮ ಮಕ್ಕಳಿಗೂ ಇದೇ ತೊಡಕು. ಕೆಂಪುಶಾಯಿಯಿಂದ ಗೀಟೆಳೆಯುವ ಮುನ್ನ ಅಧ್ಯಾಪಕರು ಆ ‘ಮಾಡು’ವನ್ನೊಮ್ಮೆ ನೆನೆಯಬೇಕು.