ದಪ್ಪ ಅಕ್ಷರದ ಒಳಗಿನ ಬಿಳುಪು

ಒಂದು ಹಾಳೆಯ ಮೇಲೆ ‘ಪಟ್ಟನಾಯಕನಹಳ್ಳಿ’ ಎಂದು ದೊಡ್ಡದಾಗಿ ಬರೆಯಿರಿ. ದಪ್ಪ ಅಕ್ಷರಗಳನ್ನು ರೂಪಿಸುವವರಿಗೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಶಿರಾ ತಾಲ್ಲೂಕಿನ ನಮ್ಮ ಈ ಊರಿನ ಹೆಸರೊಂದರಲ್ಲೇ ಸಿಗುತ್ತವೆ. ಇವನ್ನು ತಿಳಿಯಲು ನಿಮಗೆ ಅಚ್ಚುಕೂಟದ ಅನುಭವ ಬೇಕಿಲ್ಲ. ಕನ್ನಡ ಓದಲು ಬಂದರೆ ಸಾಕು.

ಮೊದಲು ಮೂರು ಮಾತುಗಳ ಪರಿಚಯ ಮಾಡಿಕೊಳ್ಳೋಣ. ಒಂದೇ ಮಾದರಿಯಲ್ಲಿ ರೂಪಿಸಿದ ಪೂರ್ತಿ ಅಕ್ಷರಮಾಲೆ ಫಾಂಟ್. ಪುಸ್ತಕದ ಒಳಪುಟಗಳಿಗಲ್ಲದೆ ತಲೆಬರಹ, ಮುಖಪುಟ, ಪೋಸ್ಟರು, ಅಂಗಡಿ ಬೋರ್ಡುಗಳಿಗಾಗಿ, ಅಂದರೆ ದೂರದಿಂದಲೇ ಕಣ್ಣು ಸೆಳೆಯಲೆಂದು ಮಾಡಿದ್ದು ಡಿಸ್‌ಪ್ಲೇ ಫಾಂಟ್. ಇನ್ನು ಸೆರಿಫ್: ರೋಮನ್ ಅಕ್ಷರದ ಗೀಟು ಮುಗಿಯುವಲ್ಲಿ ಪಾದದ ಹಾಗೆ ಚಾಚಿಕೊಂಡಿರುವ ಸಣ್ಣ ಅಂಚು. ಷಿಕಾಗೊದ ಆಸ್ವಾಲ್ಡ್ ಕೂಪರ್ ರೂಪಿಸಿ 1922ರಲ್ಲಿ ಹೊರಬಂದ ‘ಕೂಪರ್ ಬ್ಲ್ಯಾಕ್’ನಲ್ಲಿ ಈ ಪಾದಗಳು ದುಂಡಾಗಿ ಉಬ್ಬಿವೆ. ದಪ್ಪ ಸೆರಿಫ್ ಡಿಸ್‌ಪ್ಲೇ ಫಾಂಟ್ ಎಂದರೆ ಏನೆಂದು ಕೇಳಿದವರಿಗೆ ನಾನು ಮೊದಲು ತೋರಿಸುವುದು ಅದನ್ನೇ.

ಕನ್ನಡದ ಅಕ್ಷರಗಳಿಗೆ ಅಂಥ ಪಾದಗಳಿಲ್ಲ. ನಮ್ಮಲ್ಲಿ ಸೆರಿಫ್ ಎಂಬ ಹೆಸರು ಹೊತ್ತ ಫಾಂಟುಗಳಲ್ಲಿ ನೀವು ನೋಡಬೇಕಾದದ್ದು ಗೀಟಿನ ಏರಿಳಿತವನ್ನು. ಒಂದೇ ಗೀಟು ಒಂದು ಕಡೆ ದಪ್ಪವಾಗಿ, ಇನ್ನೊಂದು ಕಡೆ ತೆಳುವಾಗಿ ಹರಿಯುತ್ತದೆ. ‘ನೋಟೊ ಸೆರಿಫ್ ಕನ್ನಡ’ದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಉಚಿತವಾಗಿ ಸಿಗುವ ಈ ಫಾಂಟಿನಲ್ಲಿ ಅತಿ ತೆಳುವಿನಿಂದ ಅತಿ ದಪ್ಪದವರೆಗೆ ಒಂಬತ್ತು ಹಂತಗಳಿವೆ. ಪಕ್ಕದಲ್ಲಿ ‘ಬಲೂ ತಮ್ಮ’ ಫಾಂಟನ್ನು ಇಟ್ಟು ನೋಡಿ. ಅದೂ ದಪ್ಪವೇ, ಆದರೆ ಗೀಟು ಹೆಚ್ಚುಕಡಿಮೆ ಒಂದೇ ಸಮನಾಗಿದೆ.

ಈಗ ನೀವು ಬರೆದ ಹಾಳೆಗೆ ಬನ್ನಿ. ಪ, ಯ, ಕ, ನ, ಹ ಅಕ್ಷರಗಳ ಮೇಲೆ ತಲೆಕಟ್ಟು ಇದೆ. ಟ ಅಕ್ಷರಕ್ಕೆ ಇಲ್ಲ. ‘ಳಿ’ಯಲ್ಲಿ ತಲೆಕಟ್ಟಿನ ಜಾಗವನ್ನು ಗುಡಿಸು ತೆಗೆದುಕೊಂಡಿದೆ. ‘ಟ್ಟ’ ಮತ್ತು ‘ಳ್ಳಿ’ಗಳಲ್ಲಿ ಕೆಳಗೆ ಒತ್ತಕ್ಷರ ಕೂತಿದೆ. ಪೆನ್ಸಿಲಿನಿಂದ ಪ್ರತಿ ಗೀಟನ್ನೂ ನಿಧಾನವಾಗಿ ದಪ್ಪ ಮಾಡುತ್ತಾ ಹೋಗಿ. ಅಕ್ಷರ ಹೊರಗೆ ಬೆಳೆದಷ್ಟೇ ಒಳಗೂ ಬೆಳೆಯುತ್ತದೆ, ಗೀಟುಗಳ ನಡುವಿನ ಬಿಳಿ ಜಾಗ ಕುಗ್ಗುತ್ತದೆ. ಎಲ್ಲಕ್ಕಿಂತ ಮೊದಲು ಮುಚ್ಚಿಕೊಳ್ಳುವುದು ಒತ್ತಕ್ಷರ. ನಾವು ಅಕ್ಷರ ಗುರುತಿಸುವುದು ಕಪ್ಪಿನಿಂದ ಎಷ್ಟೋ ಅಷ್ಟೇ ಈ ಬಿಳುಪಿನಿಂದಲೂ ಹೌದು. ಆದ್ದರಿಂದ ದಪ್ಪ ಅಕ್ಷರ ರೂಪಿಸುವವರ ಮುಖ್ಯ ಕೆಲಸ ಬಿಳುಪನ್ನು ಉಳಿಸಿಕೊಳ್ಳುವುದು. ಇದೊಂದು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸಲೀಸು.

ಒತ್ತಕ್ಷರವನ್ನೇ ಇನ್ನಷ್ಟು ಹತ್ತಿರದಿಂದ ನೋಡೋಣ. ಮೇಲಿನ ‘ಟ’ವನ್ನು ಅರ್ಧಕ್ಕೆ ಇಳಿಸಿ ಕೆಳಗಿಟ್ಟರೆ ಅದರ ಗೀಟೂ ಅರ್ಧಕ್ಕೆ ಇಳಿದು ಬಡಕಲಾಗಿ ಕಾಣುತ್ತದೆ. ಮೇಲಿನಷ್ಟೇ ದಪ್ಪ ಕೊಟ್ಟರೆ ಹೊಟ್ಟೆ ಮುಚ್ಚಿ ಬರೀ ಕಪ್ಪು ಚುಕ್ಕೆಯಾಗುತ್ತದೆ. ಹಾಗಾಗಿ ನುರಿತವರು ಎರಡರ ನಡುವಿನ ದಪ್ಪವನ್ನು ಹುಡುಕಿ ಒತ್ತಕ್ಷರವನ್ನು ಹೊಸದಾಗಿಯೇ ಬರೆಯುತ್ತಾರೆ. ಇದು ಬಹಳ ತಾಳ್ಮೆಯ ಕೆಲಸ. ಒಂದು ಕನ್ನಡ ಫಾಂಟು ಚೆನ್ನಾಗಿದೆಯೇ ಎಂದು ನೋಡಲು ನಾನು ಮೊದಲು ಕಣ್ಣು ಹಾಯಿಸುವುದು ಅದರ ಒತ್ತಕ್ಷರಗಳ ಮೇಲೆ.

ನಮ್ಮ ಜಿಲ್ಲೆಯ ಬೇರೆ ತಾಲ್ಲೂಕುಗಳ ಹೆಸರುಗಳೂ ಪಾಠ ಹೇಳುತ್ತವೆ. ಮಧುಗಿರಿಯ ‘ಧ’ವನ್ನು ‘ದ’ದಿಂದ ಬೇರೆ ಮಾಡುವುದು ಕೆಳಗಿನ ಪುಟ್ಟ ಸೀಳು ಮಾತ್ರ. ಶಾಲೆಯಲ್ಲಿ ಇದನ್ನೇ ಹೊಟ್ಟೆ ಸೀಳುವುದು ಎನ್ನುತ್ತೇವೆ. ದಪ್ಪದಲ್ಲಿ ಆ ಸೀಳು ಕರಗಿದರೆ ಊರಿನ ಹೆಸರೇ ತಪ್ಪಾಗುತ್ತದೆ. ಪಾವಗಡದಲ್ಲಿ ‘ಪ’ ಮತ್ತು ‘ವ’ ಅಕ್ಷರಗಳನ್ನು ಬೇರೆಯಾಗಿ ಇಡುವುದೂ ಒಂದು ಸಣ್ಣ ತೆರಪು. ಕೊರಟಗೆರೆಯ ‘ರ’ದ ಉಂಗುರದೊಳಗೆ ಬೆಳಕು ಉಳಿಯಬೇಕು.

ಕಂಪ್ಯೂಟರಿನಲ್ಲಿ ಬೋಲ್ಡ್ ಗುಂಡಿ ಒತ್ತಿದರೆ ಸಾಲದೇ ಎಂದು ನೀವು ಕೇಳಬಹುದು. ಆ ಫಾಂಟಿಗೆಂದೇ ದಪ್ಪ ರೂಪವನ್ನು ಬರೆದಿಟ್ಟಿದ್ದರೆ ಸಾಕು. ಇಲ್ಲದಿದ್ದರೆ ಯಂತ್ರವು ಅಕ್ಷರವನ್ನು ಸುತ್ತಲೂ ಒಂದೇ ಸಮನೆ ಉಬ್ಬಿಸುತ್ತದೆ. ಸೀಳು ಯಾವುದು, ಒತ್ತು ಯಾವುದು ಎಂಬ ವಿವೇಚನೆ ಅದಕ್ಕಿಲ್ಲ.

ಬಳಕೆಯ ವಿಷಯದಲ್ಲಿ ಹಳೆಯ ಕಂಪನಿ ನಾಟಕದ ಕರಪತ್ರಗಳು ಒಳ್ಳೆಯ ಗುರು. ನಮ್ಮ ಜಿಲ್ಲೆಯ ಗುಬ್ಬಿಯಲ್ಲೇ 1884ರಲ್ಲಿ ಹೆಸರಾಂತ ನಾಟಕ ಕಂಪನಿ ಹುಟ್ಟಿತು. ಕರಪತ್ರದಲ್ಲಿ ದಪ್ಪ ಅಕ್ಷರ ನಾಟಕದ ಹೆಸರಿಗೆ ಸಲ್ಲಬೇಕು, ಪಾತ್ರವರ್ಗ ಮತ್ತು ಟಿಕೆಟ್ ದರ ತೆಳು ಅಕ್ಷರದಲ್ಲಿರಬೇಕು. ಎಲ್ಲವನ್ನೂ ದಪ್ಪ ಮಾಡಿದರೆ ಯಾವುದೂ ಮುಂದೆ ಬರುವುದಿಲ್ಲ. ಮೂರು ನಾಲ್ಕು ಪದಗಳಾಚೆ ಇಂಥ ಫಾಂಟನ್ನು ಒಯ್ಯಬೇಡಿ, ಪುಸ್ತಕದ ಒಳಪುಟಗಳಿಗಂತೂ ಬೇಡವೇ ಬೇಡ.

ಅಭ್ಯಾಸಕ್ಕಾಗಿ ನಮ್ಮೂರಿನ ಜಾತ್ರೆಗೆ ಒಂದು ಬ್ಯಾನರ್ ಮಾಡಿ ನೋಡಿ. ಮೊದಲ ಸಾಲಿನಲ್ಲಿ ‘ಶ್ರೀ ಗುರುಗುಂಡ ಬ್ರಹ್ಮೇಶ್ವರ ಸ್ವಾಮಿ’, ಎರಡನೆಯ ಸಾಲಿನಲ್ಲಿ ‘ಜಾತ್ರೆ’ ಎಂದು ಬರಲಿ. ಮೇಲಿನ ಸಾಲಿನಲ್ಲಿ ಐದು ಒತ್ತಕ್ಷರಗಳು ಕೆಳಗಿಳಿದಿವೆ, ಕೆಳಗಿನ ಸಾಲಿನ ‘ತ್ರೆ’ಯಲ್ಲಿ ಎತ್ವ ಮೇಲೇರಿದೆ. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಮೈಯಿಂದ ಅಳೆಯದೆ, ಎಲ್ಲಕ್ಕಿಂತ ಕೆಳಗೆ ಇಳಿದ ಒತ್ತಕ್ಷರದ ತುದಿಯಿಂದ ಅಳೆಯಿರಿ. ಆಗಲೂ ಎರಡು ಸಾಲು ತಾಗುವಂತಿದ್ದರೆ ಫಾಂಟಿನ ಗಾತ್ರವನ್ನು ಒಂದು ಹಂತ ಇಳಿಸಿ.