ಗಣಕಯಂತ್ರದ ಉಗ್ರಾಣಕ್ಕೆ ಬಿದ್ದ ಕೀಲಿ

ಬಾಗಿಲಿಗೆ ಕೀಲಿ ಬಿದ್ದಿರುವುದನ್ನು ಕಂಡೊಡನೆ ಅದನ್ನು ಒಡೆಯಲು ಕಲ್ಲು ಹುಡುಕುವುದು ವಿವೇಕವಲ್ಲ. ಒಳಗೆ ಯಾರಿದ್ದಾರೆ, ಯಾವ ಕೆಲಸ ನಡೆದಿದೆ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಗಣಕಯಂತ್ರದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆಂಬುದನ್ನು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿಸುವುದಕ್ಕಾಗಿ ಈ ಚಿಕ್ಕ ಲೇಖನವನ್ನು ಬರೆದಿದ್ದೇವೆ.

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸರು ಆರಂಭಿಸಿದುದು. ಯಾರು ಬೇಕಾದರೂ ಬಳಸಿ ತಿದ್ದಬಹುದಾದುದು. ಅದನ್ನು ಆಧರಿಸಿ 1993ರಲ್ಲಿ ಡೆಬಿಯನ್ನೂ, ಡೆಬಿಯನ್ನಿನಿಂದ 2004ರಲ್ಲಿ ಉಬುಂಟುವೂ ಹುಟ್ಟಿದವು. ಕಾಸರಗೋಡಿನ ಸರಕಾರಿ ಹಾಗೂ ಅನುದಾನಿತ ಕನ್ನಡ ಶಾಲೆಗಳ ಮಕ್ಕಳು ಕಲಿಯುವುದು ಕೇರಳದ ಕೈಟ್ ಸಂಸ್ಥೆಯು ಉಬುಂಟುವಿನಿಂದ ಸಿದ್ಧಪಡಿಸಿದ ಲಿನಕ್ಸಿನಲ್ಲಿ.

ಇದರಲ್ಲಿ ಹೊಸ ತಂತ್ರಾಂಶಗಳನ್ನು ತರಿಸುವ ಕೆಲಸವು ಎಪಿಟಿಯದು. ಅವನ್ನು ಬಿಚ್ಚಿ ಅಣಿಗೊಳಿಸುವ ಕೆಲಸವು ಡಿಪಿಕೆಜಿಯದು. ನಿಪ್ಪಾಣಿಯ ತಂಬಾಕಿನ ವಖಾರಿಯನ್ನು ನೆನೆಯಿರಿ. ಯಾವ ಮೂಟೆ ಬಂದಿತು, ಯಾವುದು ಹೋಯಿತು ಎಂಬುದನ್ನೆಲ್ಲ ಒಂದೇ ಕಿರ್ದಿಯಲ್ಲಿ ಬರೆಯುವರೆನ್ನಿ. ಇಬ್ಬರು ಗುಮಾಸ್ತರು ಏಕಕಾಲಕ್ಕೆ ಅದೇ ಪುಟದ ಮೇಲೆ ಲೇಖನಿಯಾಡಿಸಿದರೆ ಲೆಕ್ಕವು ಕೆಟ್ಟುಹೋಗುವುದು. ಯಂತ್ರದಲ್ಲಿಯೂ ‘ಸ್ಟೇಟಸ್’ ಎಂಬ ಕಡತವೇ ಕಿರ್ದಿ. ಒಬ್ಬನು ಬರೆಯುತ್ತಿರುವಾಗ ಮತ್ತೊಬ್ಬನು ಕೈಹಾಕದಂತೆ ಇಟ್ಟ ತಡೆಯೇ ಈ ಕೀಲಿ.

ಇದನ್ನು ನಾವು ಪೆಟ್ಟು ತಿಂದೇ ಕಲಿತೆವು. ದೀಪಾವಳಿಯ ರಜೆ ಮುಗಿದ ಮರುದಿನ ಕನ್ನಡದ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಬೇಕಾಗಿತ್ತು. ‘ಗುಬ್ಬಿ’ ಎಂಬ ಕನ್ನಡ ಅಕ್ಷರಗಳನ್ನು ತರಿಸಹೋದರೆ, ಕೀಲಿ ದೊರೆಯದೆಂದು ಯಂತ್ರವು ಉತ್ತರವಿತ್ತಿತು. ಅವಸರದಿಂದ ನಾವು ಕೀಲಿಯ ಕಡತವನ್ನೇ ಅಳಿಸಿ ಮುಂದುವರಿದೆವು. ಅರೆಬರೆಯಾಗಿ ಅಣಿಗೊಂಡ ತಂತ್ರಾಂಶಗಳಿಂದ ಮುದ್ರಣವೇ ನಿಂತುಹೋಯಿತು. ಆ ರಾತ್ರಿ ಪ್ರಶ್ನೆಪತ್ರಿಕೆಗಳನ್ನು ಕೈಯಿಂದಲೇ ಬರೆದೆವು.

ನಡೆದದ್ದಿಷ್ಟೆ. ಹಲವು ದಿನ ಮುಚ್ಚಿದ್ದ ಯಂತ್ರವು ಎಚ್ಚತ್ತೊಡನೆ, ಬಾಕಿಯಿದ್ದ ಭದ್ರತೆಯ ತಿದ್ದುಪಡಿಗಳನ್ನು ತಾನಾಗಿಯೇ ಹಾಕಿಕೊಳ್ಳತೊಡಗಿತ್ತು. ಕೀಲಿಯು ಆ ಕೆಲಸದ್ದು. ಇಲ್ಲಿ ಒಂದು ಸೂಕ್ಷ್ಮವುಂಟು. ಕೀಲಿಯ ಕಡತವು ಕೆಲಸವಿಲ್ಲದಾಗಲೂ ತನ್ನ ಸ್ಥಳದಲ್ಲಿರುತ್ತದೆ. ನಿಜವಾದ ಕೀಲಿಯನ್ನು ಹಿಡಿದಿರುವುದು ಲಿನಕ್ಸಿನ ತಿರುಳು. ಕೆಲಸವು ಮುಗಿದೊಡನೆ, ಅಥವಾ ಸತ್ತೊಡನೆ, ಆ ತಿರುಳೇ ಕೀಲಿಯನ್ನು ಬಿಡಿಸುವುದು. ಕಡತವನ್ನು ಅಳಿಸಿದರೆ ಎರಡನೆಯ ಗುಮಾಸ್ತನು ಅದೇ ಹೆಸರಿನ ಹೊಸ ಕಡತವನ್ನು ಮಾಡಿ, ಅದಕ್ಕೆ ಕೀಲಿ ಹಾಕಿ ಒಳನುಗ್ಗುವನು. ಮೊದಲನೆಯವನು ಇನ್ನೂ ಒಳಗೇ ಇರುವನು!

ಆದ್ದರಿಂದ ವಿದ್ಯಾರ್ಥಿನಿಯರೇ, ಈ ಕ್ರಮವನ್ನು ನೆನಪಿನಲ್ಲಿಡಿರಿ. ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದ್ದೇವೆ. ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತತಕ್ಕದ್ದು.

1. ತೆರೆಯ ಮೇಲಿನ ಸಂದೇಶವನ್ನು ಪೂರ್ತಿಯಾಗಿ ಓದಿರಿ. ಉಬುಂಟುವಿನ ಈಚಿನ ಆವೃತ್ತಿಗಳು ಕೀಲಿಯನ್ನು ಹಿಡಿದ ಕೆಲಸದ ಸಂಖ್ಯೆಯನ್ನೂ ಹೆಸರನ್ನೂ ಅಲ್ಲಿಯೇ ತಿಳಿಸುತ್ತವೆ.

2. ‘ಅನ್‌ಅಟೆಂಡೆಡ್’ ಎಂದಿದ್ದರೆ ಅದು ಮೇಲೆ ಹೇಳಿದ ಸ್ವಯಂಚಾಲಿತ ತಿದ್ದುಪಡಿ. ಅದು ಮುಗಿಯುವವರೆಗೆ ಕಾಯಿರಿ, ಯಂತ್ರವನ್ನು ಆರಿಸಬೇಡಿರಿ.

3. ಬೇರೆ ಕಿಟಕಿಗಳನ್ನು ನೋಡಿರಿ. ಅಲ್ಲಿ ಡಿಪಿಕೆಜಿಯು ಒಂದು ಪ್ರಶ್ನೆಯನ್ನು ಕೇಳಿ ನಿಮ್ಮ ಉತ್ತರಕ್ಕಾಗಿ ಸುಮ್ಮನೆ ನಿಂತಿರಬಹುದು. ಉತ್ತರ ಕೊಟ್ಟರೆ ಕೀಲಿಯು ತಾನಾಗಿ ಬಿಡುವುದು.

4. ಬಹಳ ಹೊತ್ತು ಕಾದರೂ ಕೆಲಸವು ಮುಂದೆ ಸಾಗದಿದ್ದರೆ ಮಾತ್ರ, ‘ಸುಡೊ ಕಿಲ್’ ಎಂದು ಬರೆದು ಮುಂದೆ ಆ ಸಂಖ್ಯೆಯನ್ನು ಕೊಡಿರಿ. ಇದು ಕೆಲಸವನ್ನು ನಿಲ್ಲಿಸೆಂಬ ವಿನಂತಿ. ಒತ್ತಾಯದಿಂದ ಕೊಲ್ಲುವ ‘-9’ನ್ನು ಸೇರಿಸಬೇಡಿರಿ.

5. ಬಳಿಕ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಆಜ್ಞೆಯಿಂದ ಅರ್ಧಕ್ಕೆ ನಿಂತುದನ್ನು ಪೂರೈಸಿರಿ. ‘ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಎಂಬುದರಿಂದ ಕೊರತೆಯನ್ನು ತುಂಬಿರಿ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯವರು ಐದನೆಯದನ್ನು ವಿಶೇಷವಾಗಿ ಕಲಿತಿರಬೇಕು. ತಿದ್ದುಪಡಿಯ ನಡುವೆ ವಿದ್ಯುತ್ತು ಹೋದರೆ ಕೀಲಿಯು ಉಳಿಯುವುದಿಲ್ಲ; ಉಳಿಯುವುದು ಅರ್ಧ ಬರೆದ ಕಿರ್ದಿ. ಅದಕ್ಕೆ ಬೇಕಾದುದು ಈ ಆಜ್ಞೆಯೇ ಹೊರತು ಕೀಲಿಯನ್ನು ಅಳಿಸುವುದಲ್ಲ. ಕಿರ್ದಿಯೇ ಕೆಟ್ಟಿದ್ದರೂ ಎದೆಗುಂದಬೇಡಿರಿ. ‘ವಾರ್’ ಕೋಶದೊಳಗಿನ ‘ಬ್ಯಾಕಪ್ಸ್’ ಎಂಬಲ್ಲಿ ಅದರ ಹಳೆಯ ಪ್ರತಿಗಳಿರುತ್ತವೆ. ನಮ್ಮ ಯಂತ್ರವು ಮರುದಿನ ಚೇತರಿಸಿಕೊಂಡುದು ಅಂಥದೊಂದು ಪ್ರತಿಯಿಂದಲೇ.

ಅಂದು ನಾವು ಸ್ವಲ್ಪ ಹೊತ್ತು ಕಾದಿದ್ದರೆ ಒಂದು ರಾತ್ರಿಯ ನಿದ್ರೆಯೂ ಒಂದು ದಿನದ ಪಾಠವೂ ಉಳಿಯುತ್ತಿದ್ದವು. ಜ್ಞಾನೋಕ್ತಿಗಳ ಗ್ರಂಥವು ತಾಳ್ಮೆಯನ್ನು ಕೊಂಡಾಡಿರುವುದನ್ನು ನಾವು ಪ್ರಾರ್ಥನೆಯ ಹೊತ್ತಿನಲ್ಲಿ ಕೇಳಿ ತಲೆದೂಗುತ್ತೇವೆ. ಯಂತ್ರದ ಮುಂದೆ ಕುಳಿತಾಗ ಮರೆಯುತ್ತೇವೆ. ನಮ್ಮನ್ನು ತಡೆದ ಕೀಲಿಯು ನಮ್ಮ ಕೆಲಸವನ್ನೇ ಕಾಯುತ್ತಿತ್ತೆಂಬುದನ್ನು ನೀವಾದರೂ ಮರೆಯದಿರಿ.