ಇಂದಿನ ಧಮ್ಮಚಿಂತನೆ: ಎದುರು ಸೀಟಿನ ಪರದೆ, ಮಡಿಲ ಮೇಲಿನ ಪರದೆ

 

ಹೋದ ಗುರುವಾರದ ಕೂಟದಲ್ಲಿ ಛಪ್ಪಾಣಕೋಪಮ ಸುತ್ತ ಓದುತ್ತಿದ್ದಾಗ ನಾನು ಏನೋ ಹೇಳಲು ಹೋಗಿ ಸುಮ್ಮನಾದೆ. ಒಬ್ಬಿಬ್ಬರು ಗಮನಿಸಿ ಆಮೇಲೆ ಕೇಳಿದರು ಕೂಡ. ಇವತ್ತು ಬರೆಯುವ ಸರದಿ ನನ್ನದೇ ಆಗಿರುವುದರಿಂದ ಅಂದು ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು. ಕಾಫಿ ಹಿಡಿದು ಕೂತು ಓದಿ.

ಅಂದು ಬಾರದವರಿಗಾಗಿ ಒಂದು ಮಾತು. ಸಂಯುತ್ತ ನಿಕಾಯದ ಸಳಾಯತನ ಸಂಯುತ್ತದಲ್ಲಿ ಭಗವಾನರು ಒಂದು ಹೋಲಿಕೆ ಕೊಡುತ್ತಾರೆ. ಒಬ್ಬ ಮನುಷ್ಯ ಹಾವು, ಮೊಸಳೆ, ಹಕ್ಕಿ, ನಾಯಿ, ನರಿ, ಕೋತಿ ಈ ಆರನ್ನೂ ಹಿಡಿದು, ಒಂದೊಂದಕ್ಕೂ ಹಗ್ಗ ಕಟ್ಟಿ, ಹಗ್ಗಗಳನ್ನು ನಡುವೆ ಒಟ್ಟಿಗೆ ಗಂಟು ಹಾಕಿ ಬಿಟ್ಟುಬಿಡುತ್ತಾನೆ. ಹಾವು ಹುತ್ತಕ್ಕೆ ಎಳೆಯುತ್ತದೆ, ಮೊಸಳೆ ನೀರಿಗೆ, ಹಕ್ಕಿ ಆಕಾಶಕ್ಕೆ, ನಾಯಿ ಊರೊಳಕ್ಕೆ, ನರಿ ಸ್ಮಶಾನಕ್ಕೆ, ಕೋತಿ ಕಾಡಿಗೆ. ಯಾವುದಕ್ಕೆ ಬಲ ಹೆಚ್ಚೋ ಉಳಿದ ಐದೂ ಅದರ ಹಿಂದೆ. ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು ನಮ್ಮನ್ನು ಎಳೆಯುವುದೂ ಹೀಗೆಯೇ ಎಂಬುದು ಹೋಲಿಕೆಯ ಮೊದಲ ಅರ್ಧ. ಅದೇ ಆರು ಪ್ರಾಣಿಗಳನ್ನು ಗಟ್ಟಿ ಕಂಬಕ್ಕೆ ಕಟ್ಟುವ ಎರಡನೆಯ ಅರ್ಧವನ್ನು ನಾವಿನ್ನೂ ಓದಿಲ್ಲ.

ನನಗೆ ಆ ಹಗ್ಗದ ಗಂಟು ಅರ್ಥವಾದದ್ದು ಅಟ್ಲಾಂಟಿಕ್ ಸಾಗರದ ಮೇಲೆ.

ಎರಡು ವರ್ಷದ ಹಿಂದೆ ಸೊಸೆಯ ಬಾಣಂತನಕ್ಕೆಂದು ನಾನು, ನನ್ನ ಮನೆಯಾಕೆ ನ್ಯೂಜೆರ್ಸಿಗೆ ಹೊರಟೆವು. ಬೆಂಗಳೂರಿನಿಂದ ಕೊಲ್ಲಿಯ ಒಂದು ಊರಿಗೆ ನಾಲ್ಕು ಗಂಟೆ, ಅಲ್ಲಿಂದ ನ್ಯೂಯಾರ್ಕಿಗೆ ಹತ್ತಿರ ಹತ್ತಿರ ಹದಿನಾಲ್ಕು ಗಂಟೆ. ಅವಳಿಗೆ ಅದೇ ಮೊದಲ ವಿಮಾನಯಾನ. ನನಗೂ ಅಷ್ಟು ದೂರದ್ದು ಮೊದಲನೆಯದು. ಆದರೆ ಮೂವತ್ನಾಲ್ಕು ವರ್ಷ ಹೈಸ್ಕೂಲು ಮೇಷ್ಟರಾಗಿದ್ದವನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾನೆಯೇ?

ಹೊರಡುವ ಮುಂಚೆ ಮಗ ಒಂದು ಟ್ಯಾಬ್ಲೆಟ್ಟು, ಹೊರಗಿನ ಸದ್ದು ಅಡಗಿಸುವ ಒಂದು ಹೆಡ್‌ಫೋನು ಕಳಿಸಿದ್ದ. "ಅಪ್ಪಾ, ಸೀಟಿನ ಪರದೇಲಿ ಕನ್ನಡ ಸಿನಿಮಾ ಸಿಗೋದು ಅನುಮಾನ. ಎಲ್ಲ ಇದರಲ್ಲೇ ತುಂಬಿಸಿಟ್ಟಿದೀನಿ" ಎಂದ. ಅವನು ಹೇಳಿದ್ದು ನಿಜವಾಯಿತು. ನಾವು ಹತ್ತಿದ ವಿಮಾನದ ಪಟ್ಟಿಯಲ್ಲಿ ಹಿಂದಿ, ತಮಿಳು, ತೆಲುಗು, ಮಲಯಾಳ ಎಲ್ಲ ಇದ್ದವು, ಕನ್ನಡ ಇರಲಿಲ್ಲ. ಟ್ಯಾಬ್ಲೆಟ್ಟಿನಲ್ಲಾದರೋ ರಾಜ್‌ಕುಮಾರರ ಹತ್ತು ಹನ್ನೆರಡು ಚಿತ್ರಗಳು, ಜೊತೆಗೆ ನಮ್ಮ ಕೂಟದ ಪ್ರವಚನಗಳ ಧ್ವನಿಮುದ್ರಿಕೆಗಳೂ ಇದ್ದವು. ಹೆಡ್‌ಫೋನು ಒಂದೇ, ಟ್ಯಾಬ್ಲೆಟ್ಟೂ ಒಂದೇ ಎಂಬುದು ನನಗಾಗಲಿ ಮಗನಿಗಾಗಲಿ ಹೊಳೆಯಲೇ ಇಲ್ಲ.

ಇಲ್ಲಿ ಒಂದು ಸ್ವಾರಸ್ಯ ಹೇಳಬೇಕು. ಆ ಬಗೆಯ ಹೆಡ್‌ಫೋನು ಹುಟ್ಟಿದ್ದೂ ವಿಮಾನದಲ್ಲೇ. 1978ರಲ್ಲಿ ಅಮರ್ ಬೋಸ್ ಎಂಬ ಎಂಐಟಿಯ ಪ್ರಾಧ್ಯಾಪಕರು, ಬಂಗಾಳದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ತಂದೆಯ ಮಗ, ಜ್ಯೂರಿಕ್‌ನಿಂದ ಅಮೆರಿಕಕ್ಕೆ ಮರಳುತ್ತಿದ್ದರಂತೆ. ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಮೊರೆತದ ನಡುವೆ ಸಂಗೀತ ಸರಿಯಾಗಿ ಕೇಳಲಿಲ್ಲ. ಬೇಸರವಾಗಿ ಅಲ್ಲಿಯೇ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದರು. ಹೊರಗಿನ ಸದ್ದನ್ನು ಪುಟ್ಟ ಮೈಕು ಕೇಳಿಸಿಕೊಳ್ಳಬೇಕು, ಅದಕ್ಕೆ ತದ್ವಿರುದ್ಧವಾದ ಅಲೆ ಒಳಗೆ ಹುಟ್ಟಬೇಕು, ಎರಡೂ ಸೇರಿ ಸೊನ್ನೆಯಾಗಬೇಕು. ಒಂದೇ ಸಮನೆ ಗುಂಯ್ಗುಡುವ ಎಂಜಿನ್ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಾನು ಹಾಕಿಕೊಂಡ ಕ್ಷಣ ವಿಮಾನವೇ ಮಾಯವಾಯಿತು. ಧ್ಯಾನದಲ್ಲೂ ಅಷ್ಟು ನಿಶ್ಶಬ್ದ ನನಗೆ ಸಿಕ್ಕಿರಲಿಲ್ಲ ಎಂದು ಹೆಮ್ಮೆಪಟ್ಟೆ. ನಗಬೇಡಿ.

ಮನೆಯಾಕೆ ಎದುರು ಸೀಟಿನ ಬೆನ್ನಿಗಿದ್ದ ಪರದೆಯಲ್ಲಿ ಭೂಪಟ ಹಾಕಿಸಿಕೊಂಡಳು. ಪುಟ್ಟ ವಿಮಾನದ ಚಿತ್ರ ಗೆರೆಯ ಮೇಲೆ ತೆವಳುವುದು, ಎತ್ತರ ಇಷ್ಟು, ಹೊರಗಿನ ಚಳಿ ಇಷ್ಟು, ತಲುಪಲು ಇನ್ನೂ ಇಷ್ಟು ಗಂಟೆ. ಅದನ್ನೇ ನೋಡುತ್ತ ಕೂತಳು. ನಾನು ಕಸ್ತೂರಿ ನಿವಾಸ ಹಚ್ಚಿದೆ. 1971ರ ಚಿತ್ರ, ಹಾಸನದ ಟಾಕೀಸಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಸಾಗರದ ಮೇಲೆ ವಿಮಾನ ಕುಲುಕಾಡಲು ಶುರುವಾಯಿತು. ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳು. ಮೈಗೆ ಗೊತ್ತಾಯಿತು, ಬೆಲ್ಟು ಹಾಕಿಯೇ ಇತ್ತು, ಹಾಗಾಗಿ ಲೆಕ್ಕಿಸಲಿಲ್ಲ. ಕ್ಯಾಪ್ಟನ್ ಮಾತಾಡಿದ್ದು ಮಾತ್ರ ಕೇಳಿಸಲೇ ಇಲ್ಲ. ಸೀಟಿನ ಪರದೆಗೂ ಕೈಯಲ್ಲಿನ ಪರದೆಗೂ ಇರುವ ದೊಡ್ಡ ವ್ಯತ್ಯಾಸ ಇದು, ವಿಮಾನ ಹತ್ತಿದವರು ಗಮನಿಸಿರುತ್ತೀರಿ. ಕ್ಯಾಪ್ಟನ್ನೋ ಪರಿಚಾರಿಕೆಯೋ ಮೈಕಿನಲ್ಲಿ ಮಾತಾಡಿದರೆ ಸೀಟಿನ ಪರದೆಯಲ್ಲಿ ಓಡುತ್ತಿದ್ದ ಚಿತ್ರ ತಾನಾಗಿ ನಿಲ್ಲುತ್ತದೆ, ಅವರ ದನಿ ಇಯರ್‌ಫೋನಿನೊಳಕ್ಕೇ ಬರುತ್ತದೆ. ನಮ್ಮ ಸ್ವಂತ ಟ್ಯಾಬ್ಲೆಟ್ಟಿಗೆ ವಿಮಾನದ ಹಂಗಿಲ್ಲ. ಅದು ಓಡುತ್ತಲೇ ಇರುತ್ತದೆ.

ಅವಳು ನನ್ನ ತೋಳು ಎಳೆದಳಂತೆ. ಎಳೆದದ್ದು ನೆನಪಿದೆ. ಹೊದಿಕೆ ಕೇಳುತ್ತಿದ್ದಾಳೆ ಎಂದುಕೊಂಡೆ. ಹೆಡ್‌ಫೋನು ತೆಗೆಯದೆ, ಮುಖ ತಿರುಗಿಸದೆ, "ಆಮೇಲೆ" ಎಂದು ಕೈಸನ್ನೆ ಮಾಡಿದೆ. ಕೊಟ್ಟು ಕೊಟ್ಟು ಕೈ ಬರಿದಾದರೂ ಬೇಡಲು ಒಲ್ಲದ ಮನುಷ್ಯನ ಕಥೆ ನೋಡುತ್ತ ಕಣ್ಣೀರು ಒರೆಸಿಕೊಳ್ಳುತ್ತಿದ್ದೆ. ಚಿತ್ರ ಮುಗಿದು ಪಕ್ಕಕ್ಕೆ ತಿರುಗಿದಾಗ ಅವಳ ಕೈ ಆಚೆ ಬದಿಯ ಒಬ್ಬ ಪಂಜಾಬಿ ಅಜ್ಜಿಯ ಕೈಯಲ್ಲಿತ್ತು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಬ್ಬರೂ ಕಣ್ಣು ಮುಚ್ಚಿ ಬಾಯೊಳಗೆ ತಮ್ಮ ತಮ್ಮದನ್ನು ಹೇಳಿಕೊಳ್ಳುತ್ತಿದ್ದರು.

"ಯಾಕೆ, ಏನಾಯ್ತು?" ಎಂದೆ.

"ಏನಿಲ್ಲ ಬಿಡ್ರಿ. ನೀವು ನೋಡಿ" ಎಂದಳು.

ಅವಳು ಅಷ್ಟಕ್ಕೇ ಬಿಟ್ಟಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ವಿಮಾನ ಬೀಳುತ್ತದೆ ಎಂದು ಅವಳು ನಂಬಿದ್ದಳು, ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಅದನ್ನೇ ಹೇಳುತ್ತಿದ್ದಾನೆ ಎಂದುಕೊಂಡಿದ್ದಳು ಎಂಬುದು ತಿಂಗಳಾದ ಮೇಲೆ ಸೊಸೆಯಿಂದ ತಿಳಿಯಿತು. ಸೊಸೆ ಮಗುವಿಗೆ ಎಣ್ಣೆ ತಿಕ್ಕುತ್ತ, "ಅತ್ತೆ ವಾಪಸ್ ವಿಮಾನ ಹತ್ತೋದೇ ಇಲ್ಲ ಅಂತಿದಾರೆ ಮಾವ, ನಿಮಗೆ ಹೇಳಿಲ್ವಾ?" ಎಂದಳು. ನನಗೆ ಹೇಳಿರಲಿಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಬದುಕಿನ ಅತಿ ದೊಡ್ಡ ಭಯ ಅದು, ನಾನು ಪಕ್ಕದಲ್ಲೇ ಇದ್ದೆ, ಹಾಗೂ ನಾನು ಅಲ್ಲಿರಲಿಲ್ಲ.

ಟ್ಯಾಬ್ಲೆಟ್ಟಿನದೇ ತಪ್ಪು ಎಂದು ಬರೆದು ಕೈತೊಳೆದುಕೊಳ್ಳಬಹುದು. ಅಷ್ಟು ಸರಳವಲ್ಲ. ಕೂಟದ ಒಬ್ಬ ಅಕ್ಕ ನರ್ಸ್ ಆಗಿ ನಿವೃತ್ತರಾದವರು. ಅವರ ಮುಂದೆ ಈ ಕಥೆ ಹೇಳಿದಾಗ, "ನನಗೆ ನನ್ನ ಫೋನೇ ಆಗ್ಬೇಕು. ಸುತ್ತಪಠಣ ಹಾಕ್ಕೊಂಡು ಕೂತ್ರೆ ಆರು ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಆ ಸೀಟಿನ ಪರದೆ ನೂರು ಜನ ಮುಟ್ಟಿರ್ತಾರೆ, ಒಂದಕ್ಕೆ ಸದ್ದಿಲ್ಲ, ಒಂದಕ್ಕೆ ಬಣ್ಣ ಇಲ್ಲ" ಎಂದರು. ಸರಿಯೇ. ನಮ್ಮ ಭಾಷೆ ಇಲ್ಲದ ಪಟ್ಟಿಯ ಮುಂದೆ ನಾವೇಕೆ ಕೂರಬೇಕು ಎಂಬ ಪ್ರಶ್ನೆಯೂ ಸರಿಯೇ. ಮಗ ಪ್ರೀತಿಯಿಂದಲೇ ತುಂಬಿಸಿ ಕೊಟ್ಟದ್ದು ತಾನೆ.

ವಿಮಾನ ಕಂಪನಿಗಳಿಗೇ ಇದು ಇನ್ನೂ ಬಗೆಹರಿದಿಲ್ಲ. ಮೊದಲೆಲ್ಲ ಕ್ಯಾಬಿನ್ನಿಗೆಲ್ಲ ಒಂದು ಪರದೆ, ಎಲ್ಲರಿಗೂ ಒಂದೇ ಚಿತ್ರ, ನಮ್ಮೂರ ಟೆಂಟ್ ಸಿನಿಮಾದ ಹಾಗೆ. 1988ರಲ್ಲಿ ಅಮೆರಿಕದ ನಾರ್ತ್‌ವೆಸ್ಟ್ ಏರ್‌ಲೈನ್ಸ್ ಒಂದು ಬೋಯಿಂಗ್ 747ರ ಸೀಟುಗಳ ಬೆನ್ನಿಗೆ 2.7 ಇಂಚಿನ ಪರದೆ ಕೂಡಿಸಿತು. 1992ರಲ್ಲಿ ಎಮಿರೇಟ್ಸ್ ಎಲ್ಲ ದರ್ಜೆಯ ಎಲ್ಲ ಸೀಟಿಗೂ ಕೊಟ್ಟಿತು. 2017ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಜನರೇ ಫೋನು ಟ್ಯಾಬ್ಲೆಟ್ಟು ತರುತ್ತಾರೆ, ತನ್ನ ಹೊಸ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಿಗೆ ಸೀಟಿನ ಪರದೆ ಬೇಡ ಎಂದಿತು. 2021ರಲ್ಲಿ ಯುನೈಟೆಡ್ ಅದಕ್ಕೆ ಉಲ್ಟಾ ಹೇಳಿ ತನ್ನ ಸಣ್ಣ ವಿಮಾನಗಳಿಗೂ ಸೀಟಿಗೊಂದು ಪರದೆ ಎಂದು ಘೋಷಿಸಿತು. ಪರದೆಗೂ ಅದರ ತಂತಿಗಳಿಗೂ ತೂಕವಿದೆ, ತೂಕಕ್ಕೆ ಇಂಧನ ಬೇಕು. ವಿಮಾನ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಾರುತ್ತದೆ, ಫೋನು ಮೂರು ವರ್ಷಕ್ಕೆ ಹಳತಾಗುತ್ತದೆ. ಅವರ ಲೆಕ್ಕ ಅವರಿಗೆ.

ನನ್ನ ಲೆಕ್ಕ ಬೇರೆ. ಸೀಟಿನ ಪರದೆಯಲ್ಲಿ ಇರುವುದು ಯಾರೋ ಆರಿಸಿಟ್ಟದ್ದು. ಬೇಸರ ಬರುತ್ತದೆ, ಬರಲಿ. ಬೇಸರ ಬಂದಾಗ ಕಿಟಕಿ ಕಾಣುತ್ತದೆ, ಪಕ್ಕದವರು ಕಾಣುತ್ತಾರೆ. ಇಳಿಯುವಾಗ ಅದನ್ನು ಅಲ್ಲೇ ಬಿಟ್ಟು ಇಳಿಯುತ್ತೇವೆ. ಸ್ವಂತದ್ದರಲ್ಲಿ ನನಗೆ ಬೇಕಾದದ್ದು ಮಾತ್ರ ಇದೆ, ಬೇಸರವೇ ಬಾರದಂತೆ. ಆರು ಪ್ರಾಣಿಗಳಿಗೂ ಅವುಗಳ ಹುತ್ತ, ನೀರು, ಕಾಡು ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿಕೊಂಡು ಹೊರಟ ಹಾಗೆ. ಪ್ರವಚನದ ಧ್ವನಿಮುದ್ರಿಕೆಯೂ ಅದರಲ್ಲೇ ಇತ್ತು ಎಂದೆನಲ್ಲ, ಅದನ್ನು ಹದಿನಾಲ್ಕು ಗಂಟೆಯಲ್ಲಿ ಒಮ್ಮೆಯೂ ಮುಟ್ಟಲಿಲ್ಲ. ಅದನ್ನೇ ಕೇಳುತ್ತಿದ್ದರೂ ಅವಳ ತೋಳೆಳೆತಕ್ಕೆ "ಆಮೇಲೆ" ಎಂದೇ ಅನ್ನುತ್ತಿದ್ದೆನೇನೋ. ಈ ಅನುಮಾನವೇ ನನ್ನನ್ನು ಹೆಚ್ಚು ಕಾಡಿದ್ದು. ಇಂದ್ರಿಯ ಸಂವರ ಎಂದರೆ ಬಾಗಿಲು ಹಾಕಿಕೊಳ್ಳುವುದು ಎಂದು ತಿಳಿದಿದ್ದೆ. ಬಾಗಿಲಲ್ಲಿ ಕಾವಲು ಇರುವುದು ಎಂದು ಎಷ್ಟು ಸಲ ಓದಿದ್ದೇವೆ! ಕಾವಲಿನವನು ಕಿವಿಗೆ ಹತ್ತಿ ತುರುಕಿಕೊಂಡು ಕೂತರೆ ಬಂದವರು ಯಾರೆಂದು ಅವನಿಗೆ ಹೇಗೆ ತಿಳಿಯಬೇಕು?

ಮೂರು ತಿಂಗಳಾದ ಮೇಲೆ ವಾಪಸು ಹೊರಟೆವು. ವಾರ ಮುಂಚೆಯೇ ಅವಳ ಹತ್ತಿರ ಕೂತು, "ಅವತ್ತು ನೀನು ತೋಳು ಎಳೆದಾಗ ನಾನು ತಿರುಗಿ ನೋಡಬೇಕಿತ್ತು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಅಜ್ಜಿ ಒಳ್ಳೆಯವರು" ಎಂದಳು. ಅಷ್ಟೇ. ಟ್ಯಾಬ್ಲೆಟ್ಟನ್ನು ಬ್ಯಾಗಿನಲ್ಲಿಟ್ಟು ಮೇಲಿನ ಗೂಡಿಗೆ ತಳ್ಳಿದೆ. ಸೀಟಿನ ಪಟ್ಟಿಯಲ್ಲಿ ಹಳೆಯ ಒಂದು ಹಿಂದಿ ಹಾಸ್ಯಚಿತ್ರ ಸಿಕ್ಕಿತು. "ಒಂದು, ಎರಡು, ಮೂರು" ಎಂದು ಇಬ್ಬರೂ ಒಟ್ಟಿಗೆ ಒತ್ತಿದೆವು. ಅವಳದು ಎರಡು ಸೆಕೆಂಡು ಹಿಂದೆ ಉಳಿಯಿತು. ಹಾಗಾಗಿ ನಾನು ನಕ್ಕ ಮೇಲೆ ಅವಳು ನಗುವಳು, ನಾನೇಕೆ ನಕ್ಕೆ ಎಂದು ನೋಡುವಷ್ಟರಲ್ಲಿ ಅವಳಿಗೂ ನಗು. ನಡುವೆ ಕ್ಯಾಪ್ಟನ್ ಮಾತಾಡಿದರೆ ಎರಡೂ ಪರದೆ ನಿಲ್ಲುವುವು, ನಾನು ಅವಳಿಗೆ ಕನ್ನಡದಲ್ಲಿ ಹೇಳುವೆನು: ಮೋಡ ಇದೆಯಂತೆ, ಹತ್ತು ನಿಮಿಷ ಕುಲುಕಾಟ ಇರುತ್ತದಂತೆ. ಹತ್ತು ನಿಮಿಷ ಅವಳ ಕೈ ಹಿಡಿದು ಭೂಪಟ ನೋಡುತ್ತಿದ್ದೆವು. ಕುಲುಕಾಟ ಹದಿನೈದು ನಿಮಿಷ ಇತ್ತು.

ನಡುವೆ ಇನ್ನೊಂದು ಪಾಠವೂ ಆಯಿತು. ನಾನು ಪರದೆಯನ್ನು ಬೆರಳಿನಿಂದ ಜೋರಾಗಿ ಕುಟ್ಟುತ್ತಿದ್ದೆ, ಅದು ಸ್ವಲ್ಪ ಮೊಂಡು ಪರದೆ. ಮುಂದಿನ ಸೀಟಿನ ಹುಡುಗ ಎದ್ದು ಹಿಂದಿರುಗಿ, "ಅಂಕಲ್, ಸ್ವಲ್ಪ ಮೆಲ್ಲಗೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ನನ್ನ ಪ್ರತಿ ಕುಟ್ಟೂ ಅವನ ತಲೆಗೆ ತಾಕುತ್ತಿತ್ತು! ವಿನಯಪಿಟಕದಲ್ಲಿ ಸಂಘಕ್ಕೆ ಸೇರಿದ ಮಂಚ, ಪೀಠಗಳನ್ನು ಬಯಲಲ್ಲಿ ಹಾಕಿಕೊಂಡ ಭಿಕ್ಷು ಅವನ್ನು ಎತ್ತಿಡದೆ, ಯಾರಿಗೂ ಹೇಳದೆ ಹೊರಟುಹೋಗಬಾರದು ಎಂಬ ನಿಯಮವಿದೆ. ಎಲ್ಲರದಾದ ವಸ್ತುವಿಗೆ ಇನ್ನೊಂದು ಬದಿ ಇರುತ್ತದೆ, ಆ ಬದಿಯಲ್ಲಿ ಯಾರೋ ಕೂತಿರುತ್ತಾರೆ. ಕೈಹಿಡಿಯಲ್ಲಿ ಸಣ್ಣ ರಿಮೋಟು ಇದೆ ಎಂದು ಆ ಹುಡುಗನೇ ತೋರಿಸಿಕೊಟ್ಟ.

ಈ ಗುರುವಾರ ಸಂಜೆ 6ಕ್ಕೆ ಸುತ್ತದ ಉಳಿದ ಭಾಗ, ಅಂದರೆ ಕಂಬದ ಭಾಗ ಓದುತ್ತೇವೆ. ಆ ಕಂಬವನ್ನು ಭಗವಾನರು ಕಾಯಗತಾಸತಿ ಎಂದು ಕರೆದಿದ್ದಾರೆ. ಬರುವಾಗ ಒಂದು ಪ್ರಶ್ನೆ ಹಿಡಿದು ಬನ್ನಿ: ತೋಳು ಎಳೆದದ್ದು ನನ್ನ ಮೈಗೆ ಗೊತ್ತಾಗಿತ್ತು, ಆದರೂ ನಾನು ತಿರುಗಲಿಲ್ಲ. ಗೊತ್ತಾದದ್ದು ಎಲ್ಲಿ ನಿಂತುಹೋಯಿತು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ಫೋನುಗಳನ್ನು ಎಂದಿನಂತೆ ಬಾಗಿಲ ಬಳಿಯ ಬುಟ್ಟಿಯಲ್ಲಿಡೋಣ. ನನ್ನ ಮನೆಯಾಕೆ ಈ ಸಲ ತಾನೂ ಬರುತ್ತೇನೆ ಎಂದಿದ್ದಾಳೆ. ಗೊಜ್ಜವಲಕ್ಕಿ ಮಾಡಿ ತರುತ್ತಾಳಂತೆ.

ಸಾಧು, ಸಾಧು, ಸಾಧು.